ಸಿಸ್ಟರ್ ಹೊತ್ತು ತಂದ ಸ್ಟೂಲು

ಶಿಕಾರಿಪುರದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಮೂರು ಅಂತಸ್ತಿನ ಒಂದು ಬಟ್ಟೆ ಅಂಗಡಿ ಸಿಗುತ್ತದೆ. ಅದರ ಎರಡನೆಯ ಮಹಡಿಯಲ್ಲಿ ಹೆಂಗಸರು ಬಟ್ಟೆ ಹಾಕಿ ನೋಡುವ ಕೋಣೆಯೊಳಗೆ ಒಂದು ಹಳೆಯ ಮರದ ಸ್ಟೂಲಿದೆ. ಸುತ್ತ ಕನ್ನಡಿ, ಬೆಳ್ಳನೆಯ ದೀಪ, ಸ್ಟೀಲಿನ ಕೊಕ್ಕೆ. ನಡುವೆ ಇದೊಂದು ಯಾರದೋ ಅಡಿಗೆಮನೆಯಿಂದ ದಾರಿ ತಪ್ಪಿ ಬಂದ ಹಾಗೆ ಕಾಣುತ್ತದೆ. ಒಂದು ಕಾಲು ತುಸು ಗಿಡ್ಡ. ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸುತ್ತಿದವಳು ನಾನು. ಸ್ಟೂಲು ತಂದಿಟ್ಟವರು ಸಿಸ್ಟರ್.

ಅವರಿಗೂ ಒಂದು ಹೆಸರಿತ್ತು. ಸರ್ಕಾರಿ ಕಾಗದದಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಯಾರೂ ಬಳಸಿದ್ದು ನಾನು ಕಾಣೆ. ಸೊರಬದ ಸುತ್ತಿನ ಹಳ್ಳಿಗಳಿಗೆ ಅವರು ನರ್ಸಮ್ಮ. ಜೊತೆಯಲ್ಲಿ ಕೆಲಸ ಮಾಡಿದ ನಮ್ಮಂಥವರಿಗೆ ಸಿಸ್ಟರ್. ಇಲ್ಲೂ ಹಾಗೇ ಇರಲಿ.

ನಾನು ಅಂಗನವಾಡಿ ಟೀಚರ್. ತಿಂಗಳಿಗೊಂದು ಗುರುವಾರ ನಮ್ಮ ಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ದಿನ. ಒಂಬತ್ತೂವರೆಗೆ ಸರಿಯಾಗಿ ಸಿಸ್ಟರ ಮೊಪೆಡ್ ಸದ್ದು ಕೇಳಬೇಕು. ಹಿಂದೆ ನೀಲಿ ಲಸಿಕೆ ಡಬ್ಬಿ, ಮುಂದೆ ಚೀಲ, ನಡುವೆ ಗಂಜಿ ಹಾಕಿದ ಬಿಳಿ ಸೀರೆಯಲ್ಲಿ ಅವರು. ಕೆಸರಿನ ದಾರಿಯಾದರೆ ಸೀರೆಯ ಅಂಚನ್ನು ಮೊಣಕಾಲಿಗೆ ಎತ್ತಿ, ಬಟ್ಟೆ ಒಣಹಾಕುವ ಎರಡು ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡು ಬರುತ್ತಿದ್ದರು. ಹುಣಸೇಮರದ ಹಿಂದೆ ಗಾಡಿ ನಿಲ್ಲಿಸಿ, ಕ್ಲಿಪ್ಪು ತೆಗೆದು, ನೆರಿಗೆ ಸರಿಮಾಡಿಕೊಂಡೇ ಒಳಗೆ ಕಾಲಿಡುವುದು. ಒಮ್ಮೆ ನಾನು, "ಅಷ್ಟೆಲ್ಲ ಯಾಕೆ ಸಿಸ್ಟರ್, ಇಲ್ಲಿ ನೋಡೋರು ಯಾರು?" ಎಂದೆ.

"ಹಳ್ಳಿಯೋರು ಮೊದಲು ನೋಡೋದು ಸೂಜಿ ಅಲ್ಲ ಮಾರಾಯ್ತಿ, ಸೂಜಿ ಹಿಡಿದೋಳ ಸೆರಗು. ಸೆರಗು ಚೊಕ್ಕ ಇದ್ರೆ ಮಗು ಕೊಡ್ತಾರೆ" ಎಂದರು.

ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಬಸ್ಸಿನಲ್ಲಿ ಸೀಟು ಬಿಡದ ಗಂಡಸರಿಗೆ, ಮೀಟಿಂಗಿನಲ್ಲಿ ದನಿ ಏರಿಸುವ ಸಾಹೇಬರಿಗೆ ಅವರದು ಒಂದೇ ಮದ್ದು: "ಯಾವೂರಪ್ಪಾ ನಿಂದು? ನಿನ್ನ ಹೊಕ್ಕಳು ಕತ್ತರಿಸಿದೋಳು ನಾನೇ ಇರಬೇಕು." ಆ ಗಂಡಸು ಅಲ್ಲೇ ಮೆತ್ತಗಾಗುತ್ತಿದ್ದ. ಇದೆಲ್ಲ ನಿಜವಾ ಎಂದು ಕೇಳಿದರೆ ಕಣ್ಣು ಮಿಟುಕಿಸುತ್ತಿದ್ದರು. "ಸೊರಬ ತಾಲೂಕಲ್ಲಿ ಧೈರ್ಯವಾಗಿ ಹೇಳಬಹುದು. ಎರಡರಲ್ಲಿ ಒಂದು ನಿಜ ಆಗಿಬಿಡ್ತದೆ."

ಹೆರಿಗೆಯಾಗಿ ಬಾಣಂತಿ ಎದ್ದು ಓಡಾಡುವ ಹಾಗಾದ ಮೇಲೆ ಮನೆಯವರು ಸಿಸ್ಟರನ್ನು ಕರೆದು, ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದರು. ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ಮೇಲೊಂದು ರವಿಕೆ ಕಣ. ಸಿಸ್ಟರ ಯಜಮಾನರು ಬೇಗ ತೀರಿಕೊಂಡಿದ್ದರು. ಅದಾದ ಮೇಲೆ ಮೊದಲ ಸಲ ಕುಬಟೂರಿನ ಒಂದು ಮನೆಯಲ್ಲಿ ಮಣೆ ಹಾಕಿದಾಗ ಅವರು ಹಿಂದೆ ಸರಿದರಂತೆ. ಆ ಮನೆಯ ಹಿರಿಯಜ್ಜಿ ಕೈಹಿಡಿದು ಕೂರಿಸಿ, "ಎರಡು ಜೀವ ಬೇರೆ ಮಾಡಿ ಉಳಿಸಿದ ಮಡಿಲು ಇದು. ಇದಕ್ಕೆ ತುಂಬದೆ ಇನ್ಯಾರಿಗೆ ತುಂಬಲೇ" ಎಂದಳಂತೆ. ಅದನ್ನು ಹೇಳುವಾಗ ಮಾತ್ರ ಸಿಸ್ಟರ ದನಿ ಸಣ್ಣದಾಗುತ್ತಿತ್ತು.

ಮಡಿಲಿಗೆ ಬಂದ ಕಣದ ಗತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದನ್ನು ಹೊಲಿಸುವವರು ಕಡಿಮೆ. ಈ ಮನೆಯದು ಆ ಮನೆಗೆ, ಆ ಮನೆಯದು ಇನ್ನೊಂದಕ್ಕೆ. ಮಡಿಕೆಯ ಗೆರೆ ಮಾಸಿ ಬೆಳ್ಳಗಾಗುವವರೆಗೆ ಊರು ಸುತ್ತುತ್ತಲೇ ಇರುತ್ತದೆ. ನಾನೇ ಕೊಟ್ಟ ಹಳದಿ ಕಣ ಮೂರು ವರ್ಷದ ಮೇಲೆ ನನ್ನ ಮಡಿಲಿಗೇ ವಾಪಸು ಬಿದ್ದದ್ದುಂಟು. ಸಿಸ್ಟರ್ ಮಾತ್ರ ಒಂದು ಕಣವನ್ನೂ ದಾಟಿಸಿದವರಲ್ಲ. ಅವರ ಮನೆಯಲ್ಲಿ ಒಂದು ತಗಡಿನ ಟ್ರಂಕಿತ್ತು. ಕಣಗಳೆಲ್ಲ ಅದರಲ್ಲಿ. ಒಂದೊಂದಕ್ಕೂ ಹಳೆಯ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಚೀಟಿ, ಗುಂಡುಪಿನ್ನಿನಿಂದ ಸಿಕ್ಕಿಸಿದ್ದು. ಊರಿನ ಹೆಸರು, ಗಂಡೋ ಹೆಣ್ಣೋ, ಆಮೇಲೆ ಒಂದು ಮಾತು: "ತಕ್ಷಣ ಅತ್ತಿತು." "ತಡವಾಗಿ ಅತ್ತಿತು." ಒಂದರಲ್ಲಿ, "ಬೆನ್ನು ತಟ್ಟಿ ತಟ್ಟಿ ನಾನೇ ಅತ್ತೆ, ಆಮೇಲೆ ಅದು ಅತ್ತಿತು."

"ಇಷ್ಟೊಂದು ಇಟ್ಕೊಂಡು ಎಂತ ಮಾಡ್ತೀರಿ ಸಿಸ್ಟರ್?"

"ಬಿಳಿ ಸೀರೆ ಬಿಚ್ಚಿಟ್ಟ ದಿನದಿಂದ ಒಂದೊಂದೇ ಹೊಲಿಸಿ ಹಾಕ್ಕೊಳ್ತೀನಿ. ದಿನಕ್ಕೊಂದು ಮಗು."

ನಿವೃತ್ತಿಯಾದ ಮೇಲೆ ಹಾಗೇ ಮಾಡಿದರು. ಸೊರಬದ ಪೇಟೆಯಲ್ಲಿ ಅವರಿಗೊಬ್ಬ ಟೈಲರ್ ಇದ್ದರು. ಅಳತೆ ಪಟ್ಟಿ ಮುಟ್ಟದೆ ಸಿಸ್ಟರ ರವಿಕೆ ಹೊಲಿಯುವಷ್ಟು ಹಳೆಯ ಪರಿಚಯ. ಅವರು ಹತ್ತೋ ಹನ್ನೆರಡೋ ಹೊಲಿದುಕೊಟ್ಟರು. ಬಿಳಿ ಬಿಟ್ಟು ಬೇರೆ ಕಾಣದ ಸಿಸ್ಟರ್ ಮೆಣಸಿನಕಾಯಿ ಕೆಂಪು, ಗಿಳಿ ಹಸಿರು, ನೇರಳೆ ಎಂದು ಓಡಾಡತೊಡಗಿದರು. ಆಮೇಲೆ ಟೈಲರಿಗೆ ಕಣ್ಣು ಮಂಜಾಗಿ ಅಂಗಡಿ ಮುಚ್ಚಿತು. ಅದರ ಹಿಂದೆಯೇ, ಸಿಸ್ಟರ್ ಬಚ್ಚಲಲ್ಲಿ ಜಾರಿ ಬಿದ್ದರು. ಬಲ ಭುಜದ ಮೂಳೆ ಕೂಡಿತು, ಆದರೆ ಆ ಕೈ ಎದೆಯ ಮಟ್ಟದಿಂದ ಮೇಲೆ ಏಳಲಿಲ್ಲ.

ಹೊಲಿಸಿಟ್ಟ ರವಿಕೆಗಳ ಬಿಗಿ ತೋಳಿಗೆ ಆ ಕೈ ತಾನಾಗಿ ಹೋಗುತ್ತಿರಲಿಲ್ಲ. ಸೊಸೆಯೇ ಹಾಕಬೇಕು. ಆಕೆ ಹೈಸ್ಕೂಲು ಮೇಡಂ, ಒಳ್ಳೆಯ ಹೆಂಗಸು. ಬೆಳಿಗ್ಗೆ ರೊಟ್ಟಿ ತಟ್ಟಿ, ಡಬ್ಬಿ ಕಟ್ಟಿ, ತಾನು ತಯಾರಾಗುವ ನಡುವೆ ಓಡಿಬಂದು ಅತ್ತೆಯ ಕೈಯನ್ನು ರವಿಕೆಯ ತೋಳಿಗೆ ತೂರಿಸುತ್ತಿದ್ದಳು. ಅಲ್ಲಿಯತನಕ ಸಿಸ್ಟರ್ ಮೈಮೇಲೆ ಟವೆಲ್ಲು ಹೊದ್ದು ಮಂಚದ ತುದಿಯಲ್ಲಿ ಕಾಯಬೇಕು. ಒಂದು ದಿನ ಬೆಳಿಗ್ಗೆ ಅವರ ಮನೆಗೆ ಹೋದ ನಾನು ಅದನ್ನು ಕಂಡೆ. ಅವರು ಗೋಡೆಯ ಕಡೆ ತಿರುಗಿದರು.

"ನಲವತ್ತು ವರ್ಷ ಮಂದಿಗೆ ಬಟ್ಟೆ ಹಾಕಿದೋಳು ನಾನು" ಎಂದರು ಗೋಡೆಗೆ. "ನನಗೆ ಔಷಧಿ ಬೇಡ, ಎಂತದೂ ಬೇಡ. ನನ್ನ ರವಿಕೆ ನಾನೇ ಹಾಕ್ಕೊಳ್ಳೋ ಹಂಗಾಗಬೇಕು. ಅಷ್ಟೇ."

ಹೊಸ ಟೈಲರುಗಳಲ್ಲಿ ಕೇಳಿದೆವು. ಮದುವೆ ಕಾಲ, ಸಾದಾ ರವಿಕೆ ಹೊಲಿಯುವುದಿಲ್ಲ ಎಂದರು ಒಬ್ಬರು. ಇನ್ನೊಬ್ಬಳು ಕಣ ಹರವಿ ನೋಡಿ, "ಸಡಿಲ ತೋಳಿಗೆ ಇಷ್ಟು ಬಟ್ಟೆ ಸಾಲಲ್ಲ" ಎಂದು ವಾಪಸು ಕೊಟ್ಟಳು. ಎಲ್ಲರೂ ಹೇಳಿದ್ದು ಒಂದೇ: ಶಿಕಾರಿಪುರದ ದೊಡ್ಡ ಅಂಗಡಿಗೆ ಹೋಗಿ, ರೆಡಿಮೇಡ್ ಸಿಗ್ತದೆ, ಎಳೆದರೆ ಹಿಗ್ತದೆ, ವಯಸ್ಸಾದೋರಿಗೆ ಅದೇ ಅನುಕೂಲ.

ಒಂದು ಭಾನುವಾರ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಹೋದೆವು. ಅಂಗಡಿಯ ಬಾಗಿಲಲ್ಲೇ ಒಬ್ಬಳು ಹುಡುಗಿ ಕೈಮುಗಿದು, "ಬರ್ರೀ ಅಜ್ಜಿ, ನಿಮ್ಗ ಲೈಟ್ ಕಲರ್ ಆ ಕಡೆ ಅದಾವ್ರಿ" ಎಂದು ಮೂಲೆ ತೋರಿಸಿದಳು. ಆ ಮೂಲೆಯಲ್ಲಿ ಬೂದಿ, ಹೆಸರುಬೇಳೆ ತೊಳೆದ ನೀರು, ಒಣಗಿದ ಬಾಳೆಲೆ, ಇಷ್ಟೇ ಬಣ್ಣ.

"ಈಗಷ್ಟೇ ಬಿಳಿಯಿಂದ ಹೊರಗೆ ಬಂದೀನಿ ತಾಯಿ" ಎಂದರು ಸಿಸ್ಟರ್. "ಮತ್ತೆ ಗಂಜಿ ನೀರಿಗೆ ದಬ್ಬಬೇಡ. ಕೆಂಪು ಎಲ್ಲಿದೆ?"

"ಕೆಂಪು ಯಂಗ್‌ಸ್ಟರ್ಸ್ ಸೆಕ್ಷನ್‌ನ್ಯಾಗ ಐತ್ರಿ."

"ಹಂಗಾದ್ರೆ ಅಲ್ಲಿಗೇ ನಡಿ."

ಎರಡನೆಯ ಮಹಡಿಯಲ್ಲಿ ರವಿಕೆಗಳು ಸಾಲು ಸಾಲಾಗಿ ನೇತಾಡುತ್ತಿದ್ದವು. ಕೆಲವಕ್ಕೆ ಬೆನ್ನಲ್ಲಿ ಹುಕ್ಕು, ಕೆಲವಕ್ಕೆ ಕಂಕುಳ ಕೆಳಗೆ ಜಿಪ್ಪು, ಉಳಿದವು ತಲೆಯ ಮೇಲಿಂದ ಹಾಕಿಕೊಳ್ಳುವಂಥವು. ಮುಂದೆ ತೆರೆಯುವುದು ಇದೆಯೇ ಎಂದು ಕೇಳಿದ್ದಕ್ಕೆ ಇನ್ನೊಬ್ಬ ಹುಡುಗಿ, "ಯಾಕ್ರೀ ಇಷ್ಟು ಕಷ್ಟ, ನೈಟಿ ತಗೊಂಡ್ಬಿಡ್ರಿ ಅಜ್ಜಿ. ಮ್ಯಾಲೊಂದು ಟವೆಲ್ ಹಾಕ್ಕೊಂಡ್ರ ಮುಗೀತು" ಎಂದಳು.

"ನೈಟಿ ಹಾಕ್ಕೊಂಡು ಪೋಲಿಯೋ ಬೂತಲ್ಲಿ ಕೂರ್ಲಾ? ಮಕ್ಕಳು ಹನಿ ಹಾಕ್ಕೊಳ್ಳದೆ ಓಡಿಹೋಗ್ತಾವೆ." ನಿವೃತ್ತಿಯಾದ ಮೇಲೂ ಪೋಲಿಯೋ ಹನಿ ಹಾಕುವ ಭಾನುವಾರ ಅವರು ನಮ್ಮ ಬೂತಿಗೆ ಬಂದು ಕೂರುತ್ತಿದ್ದರು.

ಕೊನೆಗೆ ಎಲ್ಲಕ್ಕಿಂತ ದೊಡ್ಡದೆಂದು ಬರೆದಿದ್ದ ಒಂದು ಕೆಂಪು ರವಿಕೆ ಹಿಡಿದು ಸಿಸ್ಟರ್ ಆ ಕೋಣೆಗೆ ಹೋದರು. ನಾನು ಬರಲೇ ಎಂದೆ. ಬೇಡ, ನಾನೇ ಹಾಕಿ ನೋಡಬೇಕು, ಅದಕ್ಕೇ ಬಂದಿದ್ದು ಎಂದರು. ಬಾಗಿಲು ಹಾಕಿದರು. ನಾನು ಹೊರಗೆ ನಿಂತೆ. ಹತ್ತು ನಿಮಿಷವಾಯಿತು. ಒಳಗೆ ಗೋಡೆಗೆ ಏನೋ ತಾಗಿದ ಸದ್ದು.

"ಟೀಚರೇ" ಎಂಬ ದನಿ ಬಂತು, ಮೆಲ್ಲಗೆ. "ಒಳಗೆ ಬಾ."

ಬಲಗೈ ತೋಳಿನಲ್ಲಿ ಮೊಣಕೈವರೆಗೆ ಹೋಗಿ ಸಿಕ್ಕಿಕೊಂಡಿತ್ತು. ತಲೆ ಅರ್ಧ ಒಳಗೆ, ಅರ್ಧ ಹೊರಗೆ. ಕೂರಲು ಒಂದು ಚೂರು ಜಾಗವಿಲ್ಲದೆ ಕನ್ನಡಿಗೆ ಒರಗಿ ನಿಂತಿದ್ದರು. ನಾನು ಎಳೆದಷ್ಟೂ ಅವರಿಗೆ ನೋವು. ಹೊರಗೆ ಹುಡುಗಿಯರಿಬ್ಬರು ಕಿಸಕ್ಕೆಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಸಿಸ್ಟರ ಮುಖ ಆ ಕೆಂಪು ಬಟ್ಟೆಯೊಳಗಿತ್ತು. ಅವರು ಅಳುತ್ತಿದ್ದಾರೋ ಏನೋ ಎಂದುಕೊಂಡೆ.

"ಅವಕ್ಕೆ ಹೇಳು" ಎಂದಿತು ಬಟ್ಟೆಯೊಳಗಿನ ದನಿ, "ಕತ್ತರಿ ತರೋಕೆ. ತಲೆ ಅರ್ಧ ಹೊರಗೆ ಬಂದಿದೆ, ಭುಜ ಸಿಕ್ಕಿದೆ. ಹೆರಿಗೇಲಿ ಇಂಥವು ಎಷ್ಟು ನೋಡಿಲ್ಲ."

ಕತ್ತರಿ ತಂದವಳು ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಆ ಮಹಡಿಯಲ್ಲಿ ಬಟ್ಟೆಗಳ ಹೊಲಿಗೆ ಬಿಚ್ಚಿ ಸರಿಮಾಡುವ ಕೆಲಸದವಳು. ಅವಳು ನಗಲಿಲ್ಲ. ಕತ್ತರಿಸಲೂ ಇಲ್ಲ. ಕತ್ತರಿಯ ತುದಿಯಿಂದ ಕಂಕುಳ ಹೊಲಿಗೆಯನ್ನು ಟಕ್ ಟಕ್ ಎಂದು ಬಿಚ್ಚಿ, ಕೈಯನ್ನು ಮಗುವಿನ ಕೈಯ ಹಾಗೆ ಹೊರಗೆ ತಂದಳು. "ನಮ್ಮವ್ವಗೂ ಹಿಂಗ ಆಗೇತ್ರೀ ಅಮ್ಮಾರೆ, ಲಕ್ವ ಹೊಡೆದ ಮ್ಯಾಲ" ಎಂದಳು.

"ಯಾವೂರೇ ನಿಂದು? ನಿನ್ನ ಹೊಕ್ಕಳು..."

"ಈಸೂರ್ರೀ."

"ಛೇ, ಆ ಕಡೆ ನಾನು ಬಂದೋಳಲ್ಲ ಬಿಡು."

ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ಸೆರಗು ಹೊದ್ದು ಮನೆಗೆ ಬರುತ್ತಿದ್ದರು. ನಾನಂತೂ ಬರುತ್ತಿದ್ದೆ. ಸಿಸ್ಟರ್ ನೀರು ಕೇಳಿ ಕುಡಿದರು. ತಾವು ಹಾಕಿಕೊಂಡು ಬಂದಿದ್ದ ಹಳೆಯ ರವಿಕೆಯನ್ನು ನನ್ನ ಕೈಯಿಂದಲೇ ಹಾಕಿಸಿಕೊಂಡರು, ತಲೆ ಬಾಚಿದರು. ಆಮೇಲೆ ಚೀಲದೊಳಗೆ ಕೈಹಾಕಿ ಮಕ್ಕಳ ರಟ್ಟೆ ಅಳೆಯುವ ಪಟ್ಟಿ ತೆಗೆದರು. ಕೆಂಪು, ಹಳದಿ, ಹಸಿರು ಬಣ್ಣದ ಆ ಪಟ್ಟಿ ನಮ್ಮ ಕೇಂದ್ರದಲ್ಲೂ ಇದೆ. ಮಗುವಿನ ರಟ್ಟೆಗೆ ಸುತ್ತಿದಾಗ ಕೆಂಪು ಬಂದರೆ ಅಪೌಷ್ಟಿಕ ಎಂದು ಲೆಕ್ಕ. ನಿವೃತ್ತಿಯಾದರೂ ಅವರ ಚೀಲದಿಂದ ಅದು ಹೋಗಿರಲಿಲ್ಲ.

"ಬರ್ಕೋ" ಎಂದರು ನನಗೆ.

ನೇತಾಡುತ್ತಿದ್ದ ರವಿಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ತೆಗೆಸಿ, ತೋಳಿನ ಬಾಯಿಗೆ ಪಟ್ಟಿ ಸುತ್ತಿ ಅಳೆದರು. ಸಣ್ಣ ರವಿಕೆಯಲ್ಲಿ ಪಟ್ಟಿಯ ತುದಿಗಳ ನಡುವೆ ಎರಡು ಬೆರಳು ಜಾಗ ಉಳಿಯಿತು. ಅದಕ್ಕಿಂತ ದೊಡ್ಡದರಲ್ಲಿ ಎರಡು ಬೆರಳು. ಎಲ್ಲಕ್ಕಿಂತ ದೊಡ್ಡದರಲ್ಲೂ ಎರಡೇ ಬೆರಳು. ನಾನು ಡೈರಿಯಲ್ಲಿ ಗೆರೆ ಎಳೆದು ಬರೆಯುತ್ತಾ ಹೋದೆ. ಅಲ್ಲಿ ಬಟ್ಟೆ ನೋಡಲು ಬಂದಿದ್ದ ಹೆಂಗಸರೆಲ್ಲ ಸುತ್ತ ನಿಂತರು. ಒಬ್ಬರು, "ಅಯ್ಯ, ಅದಕ್ಕೇನ್ರೀ ನಂಗೂ ತೋಳು ಕಚ್ಚೋದು! ನಾನು ದಪ್ಪ ಆಗೀನಿ ಅಂತ ರಾತ್ರಿ ಊಟ ಬಿಟ್ಟಿದ್ನಲ್ರೀ" ಎಂದರು.

ಗದ್ದಲಕ್ಕೆ ಮ್ಯಾನೇಜರ್ ಬಂದರು. ಟೈ ಕಟ್ಟಿದ, ನಯವಾದ ಮನುಷ್ಯ.

"ನೋಡಿ ಸಾರ್" ಎಂದರು ಸಿಸ್ಟರ್. "ಎದೆ ಬೆಳೆಸಿದೀರಿ, ಸೊಂಟ ಬೆಳೆಸಿದೀರಿ, ತೋಳು ಬೆಳೆಸೇ ಇಲ್ಲ. ನಿಮ್ಮ ರವಿಕೆಗೆ ಅಪೌಷ್ಟಿಕತೆ."

"ಅದು ಮೇಲಿಂದ ಹಂಗೇ ಬರುತ್ತಮ್ಮ. ನಮ್ಮ ಕೈಲಿಲ್ಲ."

"ಲಸಿಕೆಯೂ ಮೇಲಿಂದಲೇ ಬರ್ತಿತ್ತು. ಕೆಟ್ಟಿದ್ರೆ ವಾಪಸ್ ಕಳಿಸ್ತಿದ್ವಿ. ಬಂದದ್ದು ಬಂತು ಅಂತ ಮಕ್ಕಳಿಗೆ ಚುಚ್ತಿರ್ಲಿಲ್ಲ. ನಿಮ್ದು ಯಾವೂರು?"

"ದಾವಣಗೆರೆ ಅಮ್ಮ."

"ಅದಕ್ಕೇ ಮತ್ತೆ" ಎಂದರು ನನ್ನ ಕಡೆ ನೋಡಿ.

ಆತ ನಕ್ಕುಬಿಟ್ಟರು. ಬರೆದ ಹಾಳೆಯನ್ನು ಇಸಕೊಂಡು, ಮೇಲಕ್ಕೆ ಕಳಿಸುತ್ತೇನೆ ಎಂದರು. ಆ ಕೋಣೆಗೆ ಒಂದು ಸ್ಟೂಲಾದರೂ ಹಾಕಿಸಿ, ವಯಸ್ಸಾದವರು ನಿಂತುಕೊಂಡು ಬಟ್ಟೆ ಬದಲಿಸುವುದು ಹೇಗೆ ಎಂದು ಸಿಸ್ಟರ್ ಕೇಳಿದ್ದಕ್ಕೆ, ಅದನ್ನೂ ಮೇಲೆ ಕೇಳಬೇಕು ಎಂದರು.

ನಾವು ಮೆಟ್ಟಿಲಿಳಿಯುವಾಗ ಈಸೂರಿನ ಹೆಂಗಸು ಹಿಂದೆಯೇ ಬಂದಳು. ಅವಳ ಅವ್ವನಿಗೆ ಅವಳೇ ರವಿಕೆ ಹೊಲಿಯುತ್ತಾಳಂತೆ: ಮುಂದೆ ತೆರೆಯುವುದು, ಹುಕ್ಕಿನ ಬದಲು ಒತ್ತಿದರೆ ಕಚ್ಚಿಕೊಳ್ಳುವ ದೊಡ್ಡ ಟಿಚ್ ಬಟನು, ಕಂಕುಳಲ್ಲಿ ಒಂದು ಚೌಕದ ತುಂಡು ಸೇರಿಸಿ ಸಡಿಲ ತೋಳು. "ಒಂದು ಕೈಲೇ ಹಾಕ್ಕೋತಾಳ್ರಿ ನಮ್ಮವ್ವ. ಬಟ್ಟಿ ಕೊಡ್ರಿ, ನಾ ಹೊಲಕೊಡ್ತೀನಿ."

"ಬಟ್ಟೆ ಒಂದು ಟ್ರಂಕ್ ಇದೆ. ಆದ್ರೆ ಕಣ ಸಾಲಲ್ಲ ಅಂತಾರಲ್ಲೇ."

"ಒಂದು ಸಾಲದಿದ್ರ ಎರಡು ಕೂಡಿಸಿದ್ರಾತು. ಮೈ ಒಂದರದು, ತೋಳು ಇನ್ನೊಂದರದು."

ವಾಪಸು ಬರುವ ಬಸ್ಸಿನಲ್ಲಿ ಶಿರಾಳಕೊಪ್ಪ ದಾಟಿದ ಮೇಲೆ ಸಿಸ್ಟರ್, "ಒಂದೂರಿನ ಮಗುಗೆ ಇನ್ನೊಂದೂರಿನ ಮಗು ಕೂಡಿಸೋದು ಸರಿಯಾ ಟೀಚರೇ?" ಎಂದು ಕೇಳಿದರು. ಆಮೇಲೆ ಅವರೇ, "ಅವಳಿ ಅಂತ ತಿಳ್ಕೊಂಡ್ರಾಯ್ತು" ಎಂದು ತೊಡೆ ತಟ್ಟಿಕೊಂಡು ನಕ್ಕರು.

ಎರಡನೆಯ ಸಲ ಹೋದದ್ದು ಕಣಗಳನ್ನು ಕೊಡಲು. ಅವತ್ತು ನಾನು ಬಸ್ ನಿಲ್ದಾಣಕ್ಕೆ ಬಂದರೆ ಸಿಸ್ಟರ ಕಂಕುಳಲ್ಲಿ ಸ್ಟೂಲು! ಅವರ ಮನೆಯಲ್ಲಿ ಬಸುರಿಯರನ್ನು ಕೂರಿಸಿ ಕಾಲಿನ ಬಾವು ನೋಡುತ್ತಿದ್ದ ಸ್ಟೂಲದು. ಕಂಡಕ್ಟರು, "ಅಜ್ಜಿ, ಇದಕ್ಕೂ ಟಿಕೆಟ್ ತಗೋಬೇಕು" ಎಂದು ತಮಾಷೆ ಮಾಡಿದ. "ನೀನು ಸೀಟು ಕೊಡದಿದ್ರೆ ಇದರ ಮೇಲೇ ಕೂರ್ತೀನಪ್ಪ, ಆಗ ಟಿಕೆಟ್ ಯಾರಿಗೆ?" ಎಂದರು ಸಿಸ್ಟರ್. ಅಂಗಡಿಯಲ್ಲಿ ಯಾರನ್ನೂ ಕೇಳಲಿಲ್ಲ. ನೇರ ಎರಡನೆಯ ಮಹಡಿಗೆ ಹತ್ತಿ, ಕೋಣೆಯೊಳಗೆ ಇಟ್ಟು, ಕೂತು ನೋಡಿ, ಎದ್ದರು. ಅಲುಗಾಡುತ್ತಿತ್ತು. ನಾನು ಕೆಳಗಿನ ಪಂಕ್ಚರ್ ಅಂಗಡಿಗೆ ಹೋಗಿ ಟ್ಯೂಬಿನ ತುಂಡು ತಂದು ಸುತ್ತಿದೆ.

"ಮೇಲಿಂದ ಬರೋವರೆಗೆ ಇದಿರ್ಲಿ ಸಾರ್" ಎಂದರು ಮ್ಯಾನೇಜರಿಗೆ. "ತಿಂಗಳಿಗೊಂದು ಸಲ ಬಂದು ನೋಡ್ತೀನಿ."

ಮೇಲಿಂದ ಏನೂ ಬರಲಿಲ್ಲ. ಅಲ್ಲಿನ ರವಿಕೆಯ ತೋಳು ಇವತ್ತಿಗೂ ಪಟ್ಟಿಗಿಂತ ಎರಡೇ ಬೆರಳು ಹೆಚ್ಚು. ಸ್ಟೂಲನ್ನು ಮಾತ್ರ ಯಾರೂ ತೆಗೆದಿಲ್ಲ. ಆ ಮ್ಯಾನೇಜರ್ ವರ್ಗವಾಗಿ ಹೋಗುವಾಗ ಅವರ ಜಾಗಕ್ಕೆ ಬಂದವರಿಗೆ ಹೇಳಿ ಹೋದರಂತೆ: ಇದನ್ನು ಮುಟ್ಟಬೇಡಿ, ಒಬ್ಬರು ಅಮ್ಮ ಇನ್‌ಸ್ಪೆಕ್ಷನ್‌ಗೆ ಬರ್ತಾರೆ.

ಮೊದಲ ರವಿಕೆ ಬಂದದ್ದು ಪೋಲಿಯೋ ಭಾನುವಾರಕ್ಕೆ ಎರಡು ದಿನ ಮುಂಚೆ. ಆ ಭಾನುವಾರ ಬೂತು ತೆರೆಯಲು ನಾನು ಏಳು ಗಂಟೆಗೇ ಹೋದೆ. ಬಾಗಿಲ ಮುಂದೆ ಸಿಸ್ಟರ್ ನಿಂತಿದ್ದರು. ಮೈ ಮೆಣಸಿನಕಾಯಿ ಕೆಂಪು, ತೋಳು ಗಿಳಿ ಹಸಿರು. ಕೆಳಗೆ ಅರಿಶಿನ ಬಣ್ಣದ ಸೀರೆ. ಇಡೀ ಸೊರಬಕ್ಕೆ ಕಾಣುವ ಹಾಗಿದ್ದರು.

"ಸೊಸೆ ಇನ್ನೂ ಎದ್ದಿಲ್ಲ" ಎಂದರು. ಅಷ್ಟೇ ಹೇಳಿದರು. ಹೇಳಿದ ರೀತಿಗೆ ನನ್ನ ಕಣ್ಣು ತುಂಬಿತು. ಆಮೇಲೆ ಸೆರಗು ಸರಿಸಿ ತೋರಿಸಿದರು. ಆರು ಟಿಚ್ ಬಟನು. "ನೊಂದ ಕೈ ಮೊದಲು ಹಾಕಬೇಕು, ಚೆನ್ನಾಗಿರೋ ಕೈ ಆಮೇಲೆ. ಬಿಚ್ಚುವಾಗ ತಿರುಗಾ ಮುರುಗಾ. ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೆ, ನನಗೇ ಮರೆತುಹೋಗಿತ್ತು ನೋಡು. ಇವತ್ತು ಯಾರ್ಯಾರು ಗೊತ್ತಾ? ಮೈ ಕುಬಟೂರಿನ ಹೆಣ್ಣು, ತಕ್ಷಣ ಅತ್ತಿತು. ತೋಳು ನಮ್ಮ ಸೊರಬದ್ದೇ ಗಂಡು, ತಡವಾಗಿ ಅತ್ತಿತು."

ಅಲ್ಲಿಂದ ಮುಂದೆ ಪ್ರತಿದಿನ ಅವಳಿಗಳೇ. ಹಳದಿಗೆ ನೇರಳೆ ತೋಳು, ನೀಲಿಗೆ ಗುಲಾಬಿ ತೋಳು. ಮೊದಮೊದಲು ಜನ ತಿರುಗಿ ನೋಡಿದರು. ಆಮೇಲೆ ಪೇಟೆಯಲ್ಲಿ ವಯಸ್ಸಾದ ಹೆಂಗಸರು ತಡೆದು ನಿಲ್ಲಿಸಿ, ಎಲ್ಲಿ ಹೊಲಿಸಿದ್ದು ಎಂದು ಕೇಳತೊಡಗಿದರು. ನಮ್ಮ ಕಡೆ ಊರೂರು ಸುತ್ತುತ್ತಿದ್ದ ಕಣಗಳು ಕೆಲವು ಮನೆಗಳಲ್ಲಿ ಕಡೆಗೂ ನಿಂತವು. ಈಸೂರಿನ ಹೆಂಗಸು ಅಂಗಡಿ ಬಿಟ್ಟು ಈಗ ಮನೆಯಲ್ಲೇ ಹೊಲಿಯುತ್ತಾಳೆ. ಅವಳಲ್ಲಿಗೆ ಹೋದವರು ಎರಡು ಕಣ ತರಬೇಕು. ಅದನ್ನು ಅವಳೂ "ಅವಳಿ" ಎಂದೇ ಕರೆಯುತ್ತಾಳೆ.

ಟ್ರಂಕು ಪೂರ್ತಿ ಖಾಲಿಯಾಗಲಿಲ್ಲ. ಕಳೆದ ಮಾಘದ ಒಂದು ಬೆಳಿಗ್ಗೆ ಸಿಸ್ಟರ್ ಸ್ನಾನ ಮಾಡಿ ಬಂದು, ಹಜಾರದ ಕುರ್ಚಿಯಲ್ಲಿ ಕೂತು, ಕಾಫಿಗೆ ಕಾಯುತ್ತಾ ಕೂತಲ್ಲೇ ಹೋದರು. ಸುದ್ದಿ ತಿಳಿದು ನಾನು ಓಡಿದೆ. ಇನ್ನೂ ಯಾರೂ ಬಂದಿರಲಿಲ್ಲ. ಸೊಸೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಅತ್ತೆಯ ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಹಸಿರು ಮೈಗೆ ಕೇಸರಿ ತೋಳು. ನೆರಿಗೆ ಒಂದೂ ಕದಲಿರಲಿಲ್ಲ.

ನನ್ನನ್ನು ಕಂಡದ್ದೇ ಅವಳು ಸೆರಗಿನ ಅಂಚು ಸರಿಸಿ ತೋರಿಸಿದಳು. ಅಳುತ್ತಿದ್ದಳು, ಆದರೆ ದನಿಯಲ್ಲಿ ಮಗಳ ಅಂಕಪಟ್ಟಿ ತೋರಿಸುವಂಥ ಹೆಮ್ಮೆಯಿತ್ತು.

"ನೋಡ್ರೀ ಟೀಚರ್, ಆರೂ ಬಟನ್ನು ಅವರೇ ಹಾಕ್ಕೊಂಡಿದಾರೆ."